ಮೇಳದ ವೆಬ್‌ಸೈಟು ಮೇಳದವರ ಕೈಯಲ್ಲೇ ಇರಲಿ

ವೆಬ್‌ಸೈಟ್ ಮಾಡಿಸುವುದು ಈಗ ದೊಡ್ಡ ವಿಷಯ ಅಲ್ಲ. ಶಿರಸಿಯಲ್ಲೂ ಮಾಡಿಕೊಡುವವರಿದ್ದಾರೆ, ಕುಮಟಾ, ಕಾರವಾರದಲ್ಲೂ ಇದ್ದಾರೆ. ಕಷ್ಟ ಶುರುವಾಗುವುದು ಮಾಡಿಸಿದ ಮೇಲೆ. ನಮ್ಮ ಜಿಲ್ಲೆಯ ಹೋಂಸ್ಟೇಗಳದ್ದು, ಯಕ್ಷಗಾನ ಮೇಳಗಳದ್ದು, ಸಣ್ಣ ಸಣ್ಣ ಸಂಘಗಳದ್ದು ಒಂದಿಷ್ಟು ವೆಬ್‌ಸೈಟು ಸುಮ್ನೆ ತೆರೆದು ನೋಡಿ. ಎಷ್ಟೋ ಕಡೆ ಹಳೇ ದರವೇ ಇರುತ್ತದೆ. ಮುಗಿದು ವರ್ಷವಾದ ಕಾರ್ಯಕ್ರಮಕ್ಕೆ ಇನ್ನೂ ‘ಎಲ್ಲರಿಗೂ ಸ್ವಾಗತ’ ಅಂತ ಇರುತ್ತದೆ. ಅವರಿಗೆ ಆಸಕ್ತಿ ಇಲ್ಲ ಅಂತ ಅಲ್ಲ. ಬದಲಾಯಿಸುವ ದಾರಿ ಅವರ ಕೈಯಲ್ಲಿಲ್ಲ, ಅಷ್ಟೆ.

ಶಿರಸಿ ತಾಲೂಕಿನ ಒಂದು ಹವ್ಯಾಸಿ ಮೇಳಕ್ಕೆ ನಾನು ವೆಬ್‌ಸೈಟಿನ ಕೆಲಸದಲ್ಲಿ ನೆರವಾಗುತ್ತೇನೆ. ಅವರ ಹಳೆಯ ವೆಬ್‌ಸೈಟು ನೋಡುವುದಕ್ಕೆ ಚೆನ್ನಾಗಿಯೇ ಇತ್ತು. ಆದರೆ ಪ್ರತಿ ಪುಟವನ್ನೂ ಕೈಯಲ್ಲಿ ಎಚ್‌ಟಿಎಂಎಲ್ (ವೆಬ್ ಪುಟ ಕಟ್ಟುವ ಭಾಷೆ) ಬರೆದು ಮಾಡಿದ್ದರು. ಒಂದು ದಿನಾಂಕ ಬದಲಾಗಬೇಕಿದ್ದರೂ ಮಾಡಿಕೊಟ್ಟವರಿಗೇ ಫೋನ್ ಮಾಡಬೇಕು, ಅವರು ಬಿಡುವು ಮಾಡಿಕೊಂಡು ಫೈಲ್ ತಿದ್ದಿ ಸರ್ವರಿಗೆ ಹಾಕಬೇಕು. ನವೆಂಬರಿನಲ್ಲಿ ಅಕಾಲ ಮಳೆ ಬಂದು ಆಟದ, ಅಂದರೆ ಯಕ್ಷಗಾನ ಪ್ರದರ್ಶನದ, ಜಾಗ ಬದಲಾಯಿತು ಅಂದುಕೊಳ್ಳಿ. ಮೇಳದ ಹಿರಿಯರು ನನಗೆ ಫೋನ್ ಮಾಡಿ, “ಅಪ್ಪಿ, ಶನಿವಾರದ ಆಟ ಬಯಲಲ್ಲಿ ಇಲ್ಲ, ಶಾಲೆ ಹಾಲಿನಲ್ಲಿ. ವೆಬ್‌ಸೈಟಲ್ಲಿ ಬದಲು ಮಾಡೂಕೆ ಯಾರಿಗೆ ಹೇಳೂದು?” ಅಂತ ಕೇಳುತ್ತಿದ್ದರು. ಆ ಬದಲಾವಣೆ ಸೋಮವಾರ ಆದರೆ ಯಾರಿಗೆ ಏನು ಉಪಯೋಗ? ದೂರದಿಂದ ಬರುವವರು ಹಳೇ ಜಾಗಕ್ಕೆ ಹೋಗಿ, ಕತ್ತಲ ಬಯಲು ನೋಡಿ ವಾಪಸ್ ಬರುತ್ತಾರೆ.

ಈ ಒಂದು ತೊಂದರೆಗೆ ಉತ್ತರವಾಗಿ ಹುಟ್ಟಿದ್ದೇ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್. ಚಿಕ್ಕದಾಗಿ ಸಿಎಂಎಸ್ ಅನ್ನುತ್ತಾರೆ. ಒಳಗೆ ನಡೆಯುವುದು ಇಷ್ಟು. ನಾವು ಬರೆದದ್ದೆಲ್ಲ ಡೇಟಾಬೇಸಿನಲ್ಲಿ ಇರುತ್ತದೆ. ಪುಟ ಹೇಗೆ ಕಾಣಬೇಕು, ತಲೆಬರಹ ಎಲ್ಲಿ, ಬಣ್ಣ ಯಾವುದು ಅನ್ನುವುದೆಲ್ಲ ಬೇರೆಯೇ ಫೈಲುಗಳಲ್ಲಿ ಇರುತ್ತದೆ, ಅದಕ್ಕೆ ಥೀಮ್ ಅಂತ ಹೆಸರು. ಯಾರಾದರೂ ಪುಟ ತೆರೆದಾಗ ಸರ್ವರಿನ ಪ್ರೋಗ್ರಾಮು ಡೇಟಾಬೇಸಿನಿಂದ ಬರಹ ತೆಗೆದು, ಥೀಮಿನಲ್ಲಿ ಕೂರಿಸಿ ಕಳಿಸುತ್ತದೆ. ಕಲಾವಿದ ಅದೇ, ವೇಷ ಮಾತ್ರ ಬೇರೆ ಮಾಡಬಹುದು. ಹಾಗಾಗಿ ಬರೆಯುವವರು ವೇಷದ ತಲೆಬಿಸಿ ಮಾಡಿಕೊಳ್ಳಬೇಕಾಗಿಲ್ಲ. ಲಾಗಿನ್ ಆಗಿ, ವಿಷಯ ಬರೆದು, ಪಬ್ಲಿಷ್ ಒತ್ತಿದರೆ ಸಾಕು.

ಇಂಥ ಸಿಸ್ಟಮ್‌ಗಳು ಬೇಕಾದಷ್ಟಿವೆ. ಡ್ರುಪಲ್ 2001ರಲ್ಲಿ ಬಂತು. ಜೂಮ್ಲಾ 2005ರಲ್ಲಿ ಮ್ಯಾಂಬೋ ಅನ್ನುವುದರಿಂದ ಒಡೆದು ಬಂತು. ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಸೇರಿ 2003ರ ಮೇ 27ರಂದು ಹೊರತಂದದ್ದು ವರ್ಡ್‌ಪ್ರೆಸ್. ಅದೂ ಶುರುವಿಂದ ಬರೆದದ್ದಲ್ಲ. ಬಿ2 ಕೆಫೆಲಾಗ್ ಅನ್ನುವ ಸಾಧನ ನಿಂತುಹೋಗುವ ಹಾಗೆ ಕಂಡಾಗ, ಅದರ ಕೋಡ್ ಎಲ್ಲರೂ ಬಳಸಬಹುದಾದ ಜಿಪಿಎಲ್ ಪರವಾನಗಿಯಲ್ಲಿ ಇದ್ದದ್ದರಿಂದ, ಇವರು ಮುಂದುವರಿಸಿದರು. ಈಗ, ಯಾವ ವೆಬ್‌ಸೈಟು ಯಾವುದರ ಮೇಲೆ ನಡೆಯುತ್ತದೆ ಅಂತ ಲೆಕ್ಕ ಇಡುವ ಡಬ್ಲ್ಯೂ3ಟೆಕ್ಸ್ ಪ್ರಕಾರ, ಜಗತ್ತಿನ ವೆಬ್‌ಸೈಟುಗಳ ಪೈಕಿ ನೂರಕ್ಕೆ 40ಕ್ಕಿಂತ ಜಾಸ್ತಿ ವರ್ಡ್‌ಪ್ರೆಸ್ ಮೇಲೆಯೇ ನಡೆಯುತ್ತಿವೆ. ನಾವು ಮೇಳಕ್ಕೆ ಅದನ್ನೇ ಆರಿಸಿದ್ದಕ್ಕೆ ಕಾರಣ ಅದು ಎಲ್ಲಕ್ಕಿಂತ ಒಳ್ಳೆಯದು ಅಂತಲ್ಲ. ನಾಳೆ ನಾನಿಲ್ಲದಿದ್ದರೂ ಶಿರಸಿಯಲ್ಲೋ ಹುಬ್ಬಳ್ಳಿಯಲ್ಲೋ ಅದು ಗೊತ್ತಿರುವವರು ಯಾರಾದರೂ ಸಿಗುತ್ತಾರೆ. ಸಣ್ಣ ಸಂಸ್ಥೆಗೆ ಅದಕ್ಕಿಂತ ದೊಡ್ಡ ಕಾರಣ ಬೇಡ.

ಇದರ ನಿಜವಾದ ಶಕ್ತಿ ಗೊತ್ತಾಗಬೇಕಿದ್ದರೆ ಒಂದು ಆಟದ ವಿವರ ಹೇಗೆ ಹಾಕುತ್ತಾರೆ ಅಂತ ನೋಡಬೇಕು. ಮೊದಲು ಮೇಳದವರು ಕರಪತ್ರದ ಫೋಟೋ ತೆಗೆದು ಹಾಕುತ್ತಿದ್ದರು. ಫೋಟೋದಲ್ಲಿ ಎಲ್ಲ ವಿವರವೂ ಇರುತ್ತದೆ, ಆದರೆ ಗೂಗಲ್‌ನಲ್ಲಿ ಹುಡುಕಿದರೆ ಬರುವುದು ಕಷ್ಟ. ಕಣ್ಣು ಕಾಣದವರು ಸ್ಕ್ರೀನ್ ರೀಡರಿನಲ್ಲಿ ಕೇಳುವುದಕ್ಕೂ ಆಗುವುದಿಲ್ಲ. ಇನ್ನು ಕೆಲವರು ಎಲ್ಲವನ್ನೂ ಒಂದೇ ಪ್ಯಾರಾದಲ್ಲಿ ಬರೆದುಬಿಡುತ್ತಾರೆ. ಅದರಲ್ಲಿ ದಿನಾಂಕ ಯಾವುದು, ಜಾಗ ಯಾವುದು ಅಂತ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ.

ವರ್ಡ್‌ಪ್ರೆಸ್‌ನಲ್ಲಿ 2010ರ 3.0 ಆವೃತ್ತಿಯಿಂದ ನಮಗೆ ಬೇಕಾದ ಹೊಸ ಬಗೆಯ ಬರಹವನ್ನು ಸುಲಭವಾಗಿ ಮಾಡಿಕೊಳ್ಳಬಹುದು. ಕಸ್ಟಮ್ ಪೋಸ್ಟ್ ಟೈಪ್ ಅಂತಾರೆ. ನಾವು ‘ಆಟ’ ಅಂತ ಒಂದು ಮಾಡಿಕೊಂಡೆವು. ಅದನ್ನು ತೆರೆದರೆ ಒಂದು ಫಾರಂ ಬರುತ್ತದೆ: ದಿನಾಂಕ, ಸಮಯ, ಊರು, ಜಾಗ, ಪ್ರಸಂಗ, ಭಾಗವತರು, ಮದ್ದಳೆ, ಚಂಡೆ, ಮುಮ್ಮೇಳದವರು, ಪೂರ್ತಿ ರಾತ್ರಿಯದ್ದೋ ಕಾಲಮಿತಿಯದ್ದೋ. ಮಳೆಗಾಲದಲ್ಲಿ ಬಯಲಾಟ ಇರುವುದಿಲ್ಲ, ಆಗ ತಾಳಮದ್ದಲೆ ಜಾಸ್ತಿ, ಅದಕ್ಕೂ ಒಂದು ಗುರುತು. ಕೊನೆಯಲ್ಲಿ ಇನ್ನೊಂದು ಖಾನೆ ಇದೆ, ‘ಈಗಿನ ಸ್ಥಿತಿ’ ಅಂತ. ಅದರಲ್ಲಿ ಮೂರೇ ಆಯ್ಕೆ: ಇದೆ, ಜಾಗ ಬದಲಾಗಿದೆ, ರದ್ದಾಗಿದೆ.

ಇಷ್ಟು ಒಮ್ಮೆ ತುಂಬಿದರೆ ಮುಗಿಯಿತು. ಮುಖಪುಟದಲ್ಲಿ ‘ಈ ವಾರದ ಆಟ’ ತಾನಾಗಿಯೇ ಬರುತ್ತದೆ. ತಿಂಗಳ ಪಟ್ಟಿಯಲ್ಲಿ ಸೇರುತ್ತದೆ. ಭಾಗವತರ ಹೆಸರು ಒತ್ತಿದರೆ ಅವರು ಎಲ್ಲೆಲ್ಲಿ ಹಾಡಿದ್ದಾರೆ ಅಂತ ಪೂರ್ತಿ ಪಟ್ಟಿ ಸಿಗುತ್ತದೆ. ದಿನ ಕಳೆದ ಮೇಲೆ ಅದು ಮುಖಪುಟದಿಂದ ಇಳಿದು ‘ಆಗಿಹೋದ ಆಟಗಳು’ ಅನ್ನುವ ಕಡೆ ಹೋಗಿ ಕೂರುತ್ತದೆ, ಯಾರೂ ಮುಟ್ಟಬೇಕಾಗಿಲ್ಲ. ಜಾಗ ಬದಲಾದರೆ ಒಂದೇ ಕಡೆ ತಿದ್ದುವುದು, ಎಲ್ಲ ಪುಟದಲ್ಲೂ ಬದಲಾಗುತ್ತದೆ. ಮೊದಲು ಮುಖಪುಟದಲ್ಲಿ ಶಾಲೆ ಹಾಲು, ಒಳಗಿನ ಪಟ್ಟಿಯಲ್ಲಿ ಬಯಲು ಅಂತ ಎರಡೆರಡು ಇರುತ್ತಿತ್ತು. ಆ ಗೊಂದಲ ಈಗಿಲ್ಲ.

ಈಗ ಈ ಕೆಲಸ ಮಾಡುವುದು ನನ್ನ ಅತ್ತಿಗೆ. ಅಣ್ಣ ಮೇಳದಲ್ಲಿ ಮದ್ದಳೆ ಬಾರಿಸುತ್ತಾನೆ, ಕಾರ್ಯಕ್ರಮದ ಡೈರಿ ಮೊದಲಿಂದಲೂ ಅತ್ತಿಗೆಯ ಹತ್ತಿರವೇ ಇತ್ತು. ಯಾವ ಊರಿನವರು ವೀಳ್ಯ ಕೊಟ್ಟಿದ್ದಾರೆ, ಯಾರು ಬರುವುದಿಲ್ಲ ಅಂದಿದ್ದಾರೆ, ಬದಲಿಗೆ ಯಾರು, ಎಲ್ಲ ಅವರಿಗೇ ಗೊತ್ತು. ಅಂದಮೇಲೆ ವೆಬ್‌ಸೈಟು ನೋಡಿಕೊಳ್ಳಬೇಕಾದವರು ಅವರೇ ಅಲ್ವಾ? ಕಂಪ್ಯೂಟರ್ ಗೊತ್ತಿರುವ ನಾನಲ್ಲ. ಅಡಕೆ ಕೊಯ್ಲಿನ ದಿನಗಳಲ್ಲಿ ಸುಲಿಯುವ ಕೆಲಸ ಮುಗಿಯುವಾಗ ರಾತ್ರಿಯಾಗಿರುತ್ತದೆ. ಆಮೇಲೆ ಅವರು ಸಿಗ್ನಲ್ ಸಿಗುವ ಮೆತ್ತಿನ ಕಿಟಕಿ ಹತ್ತಿರ ಕೂತು ಮೊಬೈಲಿನಲ್ಲೇ ಹೊಸ ಆಟಗಳನ್ನು ತುಂಬುತ್ತಾರೆ. ಕಲಿಸುವುದಕ್ಕೆ ನನಗೆ ಜಾಸ್ತಿ ಹೊತ್ತು ಬೇಕಾಗಲಿಲ್ಲ. ಫಾರಂ ತುಂಬುವುದು ಎಲ್ಲರಿಗೂ ಗೊತ್ತಿರುವ ಕೆಲಸ.

ಎಲ್ಲರಿಗೂ ಒಂದೇ ಬೀಗದ ಕೈ ಕೊಡಬಾರದು, ಇದು ಮುಖ್ಯ. ವರ್ಡ್‌ಪ್ರೆಸ್‌ನಲ್ಲಿ ಐದು ಬಗೆಯ ಅಧಿಕಾರ ಮೊದಲೇ ಇರುತ್ತದೆ. ಅಡ್ಮಿನಿಸ್ಟ್ರೇಟರ್ ಏನು ಬೇಕಾದರೂ ಮಾಡಬಹುದು. ಎಡಿಟರ್ ಎಲ್ಲರ ಬರಹವನ್ನೂ ತಿದ್ದಿ ಪ್ರಕಟಿಸಬಹುದು, ಆದರೆ ಪ್ಲಗಿನ್ (ಹೊಸ ಸೌಲಭ್ಯಕ್ಕೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಮು), ಥೀಮ್ ಮುಟ್ಟುವಂತಿಲ್ಲ. ಆಥರ್ ತಾನು ಬರೆದದ್ದನ್ನು ಮಾತ್ರ ಪ್ರಕಟಿಸಬಹುದು. ಕಾಂಟ್ರಿಬ್ಯೂಟರ್ ಬರೆದಿಡಬಹುದು, ಪ್ರಕಟಿಸುವುದು ಬೇರೆಯವರು. ಸಬ್‌ಸ್ಕ್ರೈಬರ್ ಅಂದರೆ ಬರೀ ಓದುವ ಖಾತೆ. ಅತ್ತಿಗೆ ಎಡಿಟರ್. ಆಟದ ಬಗ್ಗೆ ಬರೆಯುವ ಕಾಲೇಜು ಹುಡುಗರು ಕಾಂಟ್ರಿಬ್ಯೂಟರ್, ಅವರು ಬರೆದದ್ದನ್ನು ಮೇಳದ ಹಿರಿಯರೊಬ್ಬರು ಓದಿ, ಹೆಸರುಗಳು ಸರಿ ಇವೆಯಾ ನೋಡಿ, ಆಮೇಲೆ ಅತ್ತಿಗೆ ಪ್ರಕಟಿಸುತ್ತಾರೆ. ಕಲಾವಿದರ ಹೆಸರು ತಪ್ಪಾದರೆ ಅವರಿಗೆ ಎಷ್ಟು ಬೇಸರವಾಗುತ್ತದೆ ಅಂತ ಮೇಳದಲ್ಲಿದ್ದವರಿಗೆ ಹೇಳಬೇಕಾಗಿಲ್ಲ. ಅದಕ್ಕೇ ಈ ಒಂದು ಮೆಟ್ಟಿಲು ಇಟ್ಟುಕೊಂಡಿದ್ದೇವೆ. ಮತ್ತೆ, ಒಂದೇ ಲಾಗಿನ್ನನ್ನು ನಾಲ್ಕು ಜನ ಹಂಚಿಕೊಳ್ಳುವ ರೂಢಿ ಎಲ್ಲ ಕಡೆ ಇದೆ, ದಯವಿಟ್ಟು ಅದನ್ನು ಬಿಡಿ. ಯಾರು ಏನು ಬದಲಿಸಿದರು ಅಂತ ಗೊತ್ತಾಗಬೇಕಿದ್ದರೆ ಒಬ್ಬೊಬ್ಬರಿಗೆ ಒಂದೊಂದು ಖಾತೆ ಬೇಕು.

ಕರೆಂಟಿನ ವಿಷಯ ನಮ್ಮ ಕಡೆ ಹೇಳುವುದೇ ಬೇಡ. ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟೂ ಹೋಯಿತು, ನೆಟ್ಟೂ ಹೋಯಿತು. ಅರ್ಧ ಬರೆದದ್ದು ಹೋಗಿಬಿಡುತ್ತದೆ ಅನ್ನುವ ಭಯ ಹೊಸಬರಿಗೆ ತುಂಬಾ ಇರುತ್ತದೆ. ವರ್ಡ್‌ಪ್ರೆಸ್ ಸಾಮಾನ್ಯವಾಗಿ 60 ಸೆಕೆಂಡಿಗೊಮ್ಮೆ ತಾನೇ ಉಳಿಸಿಕೊಳ್ಳುತ್ತದೆ. ಪ್ರತಿ ಸಲ ತಿದ್ದಿದಾಗ ಹಳೆಯದನ್ನೂ ರಿವಿಷನ್ ಅಂತ ಇಟ್ಟುಕೊಂಡಿರುತ್ತದೆ, ಬೇಕಾದರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ ಹಿಂದಿನದಕ್ಕೆ ಹೋಗಬಹುದು. ಅಳಿಸಿದ್ದು ಕೂಡ 30 ದಿನ ಟ್ರ್ಯಾಶ್‌ನಲ್ಲಿ ಇರುತ್ತದೆ. ಇದು ಗೊತ್ತಾದ ಮೇಲೆ ಅತ್ತಿಗೆಯ ಹೆದರಿಕೆ ಹೋಯಿತು. ಏನೋ ಒತ್ತಿದರೆ ಎಲ್ಲ ಹಾಳಾಗುತ್ತದೆ ಅಂತ ಹೆದರುವವರು ವೆಬ್‌ಸೈಟಿನ ಹತ್ತಿರವೇ ಬರುವುದಿಲ್ಲ. ಹಾಗಾಗಿ ಯಾರಿಗಾದರೂ ಕಲಿಸುವಾಗ ಮೊದಲು ವಾಪಸ್ ತರುವುದನ್ನೇ ತೋರಿಸಿ, ಬರೆಯುವುದನ್ನು ಆಮೇಲೆ.

ಬರೆದಿಟ್ಟು, ಇಂಥ ದಿನ ಇಂಥ ಹೊತ್ತಿಗೆ ಪ್ರಕಟವಾಗಲಿ ಅಂತ ಹೇಳುವುದೂ ಆಗುತ್ತದೆ. ಆದರೆ ಎರಡು ವಿಷಯ ನೋಡಿಕೊಳ್ಳಬೇಕು. ಸೆಟ್ಟಿಂಗ್ಸ್‌ನಲ್ಲಿ ಟೈಮ್‌ಜೋನ್ ಕೋಲ್ಕತ್ತಾ ಅಂತ ಇಡದಿದ್ದರೆ ನಮ್ಮ ಬೆಳಗಿನ ಆರು ಗಂಟೆ ಅಂದದ್ದು ಹನ್ನೊಂದೂವರೆಗೆ ಹೊರಬರುತ್ತದೆ, ಯಾಕೆಂದರೆ ಅದು ಹಿಡಿಯುವ ಯುಟಿಸಿ ಅನ್ನುವ ಜಾಗತಿಕ ಸಮಯಕ್ಕಿಂತ ನಾವು ಐದೂವರೆ ಗಂಟೆ ಮುಂದೆ. ಇನ್ನೊಂದು, ವರ್ಡ್‌ಪ್ರೆಸ್‌ನ ಒಳಗಿನ ಅಲಾರಂ ಯಾರಾದರೂ ವೆಬ್‌ಸೈಟಿಗೆ ಬಂದಾಗ ಮಾತ್ರ ಎಚ್ಚರಾಗುತ್ತದೆ. ನಮ್ಮಂಥ ಸಣ್ಣ ವೆಬ್‌ಸೈಟಿಗೆ ರಾತ್ರಿ ಹೊತ್ತು ಯಾರೂ ಬರದಿದ್ದರೆ ಅದು ತಡವಾಗುತ್ತದೆ. ಸರ್ವರಿನದೇ ಅಲಾರಂ, ಅಂದರೆ ಕ್ರಾನ್, ಹಾಕಿಸಿದರೆ ಸರಿಯಾಗುತ್ತದೆ, ಹೋಸ್ಟಿಂಗ್ (ವೆಬ್‌ಸೈಟಿಗೆ ಬಾಡಿಗೆಗೆ ಪಡೆದ ಸರ್ವರ್ ಜಾಗ) ನೋಡಿಕೊಳ್ಳುವವರಿಗೆ ಒಂದು ಮಾತು ಹೇಳಿದರೆ ಮಾಡಿಕೊಡುತ್ತಾರೆ. ಹಾಗೇ, ಪುಟ ಬೇಗ ತೆರೆಯಲಿ ಅಂತ ಸಿದ್ಧ ಪ್ರತಿ ಇಟ್ಟುಕೊಳ್ಳುವ ಕ್ಯಾಶ್ ಪ್ಲಗಿನ್ ಇದ್ದರೆ, ಜಾಗ ಬದಲಾಯಿಸಿದ ತಕ್ಷಣ ಕ್ಯಾಶ್ ತೆರವು ಮಾಡಿ. ಇಲ್ಲದಿದ್ದರೆ ನೋಡುವವರಿಗೆ ಹಳೇ ಪುಟವೇ ಕಾಣುತ್ತಿರುತ್ತದೆ.

ಈಗ ಕನ್ನಡದ ವಿಷಯ. ಇದನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೇಳದ ಹಳೆಯ ಕರಪತ್ರಗಳೆಲ್ಲ ಪೇಟೆಯ ಡಿಟಿಪಿ ಅಂಗಡಿಯಲ್ಲಿ ಟೈಪ್ ಆದವು. ಆಗ ನುಡಿ, ಬರಹ ಸಾಫ್ಟ್‌ವೇರಿನ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡುತ್ತಿದ್ದರು. ಆ ಫೈಲಿನಿಂದ ಕಾಪಿ ಮಾಡಿ ವೆಬ್‌ಸೈಟಿಗೆ ಹಾಕಿದರೆ ಕನ್ನಡ ಬರುವುದಿಲ್ಲ, ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಬರುತ್ತವೆ. ಯಾಕೆಂದರೆ ಅಲ್ಲಿ ಒಳಗೆ ಇರುವುದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟು. ಅದನ್ನು ಮೊದಲು ಯುನಿಕೋಡಿಗೆ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಕೇತ ಇರುವ ಪದ್ಧತಿಗೆ, ಬದಲಾಯಿಸಬೇಕು. ಬದಲಾಯಿಸುವ ಸಾಧನಗಳು ಪುಕ್ಕಟೆ ಸಿಗುತ್ತವೆ. ಆದರೂ ಒಮ್ಮೆ ಕಣ್ಣಲ್ಲಿ ಓದಿ ನೋಡಲೇಬೇಕು, ಅರ್ಕಾವತ್ತು, ಒತ್ತಕ್ಷರ ಇದ್ದ ಕಡೆ ತಪ್ಪಾಗುವುದು ಇದೆ. ಯುನಿಕೋಡಿಗೆ ಬಂದಮೇಲೆ ಹುಡುಕಿದರೂ ಸಿಗುತ್ತದೆ, ಯಾವ ಫೋನಿನಲ್ಲಿ ತೆರೆದರೂ ಓದಬಹುದು.

ಇನ್ನೊಂದು ತೊಂದರೆ ಪುಟದ ವಿಳಾಸದ್ದು. ಕನ್ನಡದಲ್ಲಿ ತಲೆಬರಹ ಕೊಟ್ಟರೆ ವರ್ಡ್‌ಪ್ರೆಸ್ ಅದೇ ಕನ್ನಡವನ್ನು ವಿಳಾಸಕ್ಕೂ ಹಾಕುತ್ತದೆ. ಬ್ರೌಸರಿನಲ್ಲಿ ಚಂದ ಕಾಣುತ್ತದೆ. ಒಳಗೆ ಮಾತ್ರ ಬೇರೆ ಕಥೆ. ಯುನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಗುಣಿತ ಚಿಹ್ನೆ, ಪ್ರತಿ ಅರ್ಧಾಕ್ಷರದ ಗುರುತು ಬೇರೆ ಬೇರೆ ಲೆಕ್ಕ, ಒಂದೊಂದಕ್ಕೂ 3 ಬೈಟ್ ಬೇಕು. ವಿಳಾಸದಲ್ಲಿ ಒಂದೊಂದು ಬೈಟೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕೆ ಅಕ್ಷರ ಸೇರಿ 3 ಜಾಗ ತಿನ್ನುತ್ತದೆ. ಅಂದರೆ ಒಂದಕ್ಕೆ 9. ‘ಸಿದ್ದಾಪುರದಲ್ಲಿ’ ಅನ್ನುವ ಒಂದೇ ಪದದಲ್ಲಿ ಇಂಥವು 14 ಇವೆ, 126 ಜಾಗ ಅದಕ್ಕೇ ಹೋಯಿತು. ಡೇಟಾಬೇಸಿನಲ್ಲಿ ವಿಳಾಸಕ್ಕೆ ಇಟ್ಟಿರುವುದು 200. ಉಳಿದ ತಲೆಬರಹ ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ. ಅದನ್ನೇ ವಾಟ್ಸಾಪಿನಲ್ಲಿ ಕಳಿಸಿದರೆ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲು ಬರುತ್ತದೆ, ನೋಡಿದವರು ಇದೇನೋ ವೈರಸ್ ಇರಬೇಕು ಅಂತ ಒತ್ತುವುದೇ ಇಲ್ಲ. ಅದಕ್ಕೆ ತಲೆಬರಹ ಕನ್ನಡದಲ್ಲೇ ಇರಲಿ, ವಿಳಾಸ ಮಾತ್ರ ಚಿಕ್ಕದಾಗಿ ಇಂಗ್ಲಿಷ್ ಅಕ್ಷರದಲ್ಲಿ ಊರಿನ ಹೆಸರು ಮತ್ತು ವರ್ಷ ಹಾಕಿ ಕೊಡಿ. ಕನ್ನಡಾಭಿಮಾನಕ್ಕೆ ಇದರಿಂದ ಏನೂ ಕಡಿಮೆ ಆಗುವುದಿಲ್ಲ. ಓದುವ ಬರಹ ಕನ್ನಡದಲ್ಲಿದೆ, ಅದು ಜನರಿಗೆ ತಲುಪಬೇಕು.

ಫೋಟೋ ವಿಷಯದಲ್ಲಿ ಸಿಎಂಎಸ್ ನಮ್ಮ ಜಿಲ್ಲೆಗೆ ಮಾಡುವ ಉಪಕಾರ ದೊಡ್ಡದು. ಮೊಬೈಲಿನಲ್ಲಿ ತೆಗೆದ ವೇಷದ ಫೋಟೋ ನಾಲ್ಕೈದು ಎಂಬಿ ಇರುತ್ತದೆ. ಅದನ್ನೇ ಹಾಗೇ ಹಾಕಿದರೆ ಘಟ್ಟದ ಕೆಳಗೆ ಒಂದು ಗೆರೆ ಸಿಗ್ನಲ್ಲಿನಲ್ಲಿ ಯಾರು ನೋಡಿಯಾರು? ವರ್ಡ್‌ಪ್ರೆಸ್ ಫೋಟೋ ಏರಿಸಿದ ಕೂಡಲೇ ಅದರ ನಾಲ್ಕಾರು ಅಳತೆಯ ಪ್ರತಿ ಮಾಡಿಕೊಳ್ಳುತ್ತದೆ. 2015ರ ಕೊನೆಯಲ್ಲಿ ಬಂದ 4.4 ಆವೃತ್ತಿಯಿಂದ, ನೋಡುವವರ ಪರದೆಗೆ ಹೊಂದುವ ಅಳತೆಯನ್ನು ಬ್ರೌಸರ್ ಆರಿಸಿಕೊಳ್ಳುವ ಹಾಗೆ ಮಾಡಿದ್ದಾರೆ. 2020ರ 5.5ರಿಂದ, ಪುಟದ ಕೆಳಗಿರುವ ಚಿತ್ರ ಅಲ್ಲಿಯವರೆಗೆ ಹೋದಾಗ ಮಾತ್ರ ಇಳಿಯುತ್ತದೆ. ಅತ್ತಿಗೆಗೆ ಇದ್ಯಾವುದೂ ಗೊತ್ತಿರಬೇಕಾಗಿಲ್ಲ. ಅವರು ಫೋಟೋ ಏರಿಸುತ್ತಾರೆ, ಜೊತೆಗೆ ಆಲ್ಟ್ ಟೆಕ್ಸ್ಟ್ ಅನ್ನುವ ಖಾನೆಯಲ್ಲಿ ಯಾರ ಯಾವ ವೇಷ ಅಂತ ಬರೆಯುತ್ತಾರೆ, ಅಷ್ಟೇ. ಆ ಒಂದು ಸಾಲು ಬರೆಯುವುದನ್ನು ಬಿಡಬೇಡಿ. ಮುಂದೆ ಹೆಸರು ಹೇಳುವವರು ಇಲ್ಲದಾಗ ಅದೇ ದಾಖಲೆ.

ಇಷ್ಟೆಲ್ಲ ಇದ್ದರೂ ಸಿಎಂಎಸ್ ಹಾಕಿ ಮರೆತುಬಿಡುವ ವಸ್ತು ಅಲ್ಲ. ತುಂಬಾ ಜನ ಬಳಸುವುದರಿಂದಲೇ ದಾಳಿಯೂ ಜಾಸ್ತಿ. ತೊಂದರೆ ಹೆಚ್ಚಾಗಿ ಬರುವುದು ಹಳೆಯದಾಗಿ ಬಿದ್ದಿರುವ ಪ್ಲಗಿನ್‌ಗಳಿಂದ. ಕರಾವಳಿಯ ಒಂದು ಸಂಸ್ಥೆಯ ವೆಬ್‌ಸೈಟು ತೆರೆದರೆ ಜೂಜಿನ ಜಾಹೀರಾತಿಗೆ ಹೋಗುತ್ತಿತ್ತು. ಒಳಗೆ ನೋಡಿದರೆ ಯಾರೂ ಬಳಸದ ಸ್ಲೈಡರ್ ಪ್ಲಗಿನ್ ವರ್ಷಗಳಿಂದ ಅಪ್‌ಡೇಟ್ ಆಗದೆ ಕೂತಿತ್ತು. ಬೇಡದ ಪ್ಲಗಿನ್ ಬರೀ ನಿಲ್ಲಿಸಿದರೆ ಸಾಲದು, ತೆಗೆದೇ ಹಾಕಬೇಕು. 2013ರ 3.7ರಿಂದ ಸಣ್ಣ ಸುರಕ್ಷತಾ ಅಪ್‌ಡೇಟುಗಳು ತಾವಾಗಿ ಆಗುತ್ತವೆ, ಪ್ಲಗಿನ್‌ಗಳಿಗೂ ಅದನ್ನು ಚಾಲೂ ಮಾಡಿಡಬಹುದು. ಪುಕ್ಕಟೆ ಸಿಗುತ್ತದೆ ಅಂತ ದುಡ್ಡಿನ ಥೀಮುಗಳ ಕಳ್ಳ ಪ್ರತಿ ಹಾಕಿಕೊಳ್ಳಲೇಬೇಡಿ, ಒಳಗೆ ಏನು ಸೇರಿಸಿರುತ್ತಾರೋ ಗೊತ್ತಾಗುವುದಿಲ್ಲ.

ಬ್ಯಾಕಪ್ ಅಂದರೆ ಎರಡು ಭಾಗ. ಬರಹವೆಲ್ಲ ಡೇಟಾಬೇಸಿನಲ್ಲಿ, ಫೋಟೋಗಳು ಅಪ್‌ಲೋಡ್ಸ್ ಫೋಲ್ಡರಿನಲ್ಲಿ. ಒಂದನ್ನು ಮಾತ್ರ ಇಟ್ಟುಕೊಂಡರೆ ಅರ್ಧ ಹೋದ ಹಾಗೆ. ಅದೂ ಅದೇ ಸರ್ವರಿನಲ್ಲಿ ಇಟ್ಟುಕೊಂಡರೆ ಪ್ರಯೋಜನವಿಲ್ಲ, ಮನೆಯಲ್ಲಿ ಒಂದು ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳಿ.

ಎಲ್ಲಕ್ಕಿಂತ ನನಗೆ ಸಂಕಟ ಕೊಡುವುದು ಡೊಮೇನ್, ಅಂದರೆ ವೆಬ್‌ಸೈಟಿನ ಹೆಸರಿನ ವಿಷಯ. ವೆಬ್‌ಸೈಟು ಮಾಡಿಕೊಟ್ಟವರು ಡೊಮೇನನ್ನು ತಮ್ಮ ಹೆಸರಿನಲ್ಲಿ, ತಮ್ಮ ಇಮೇಲಿನಲ್ಲಿ ತೆಗೆದಿರುತ್ತಾರೆ. ಅವರು ಊರು ಬಿಟ್ಟರು, ನಂಬರ್ ಬದಲಾಯಿತು, ರಿನೀವಲ್ ಆಗಲಿಲ್ಲ, ಮೇಳದ ಹೆಸರು ಬೇರೆ ಯಾರದೋ ಪಾಲಾಯಿತು. ಒಳಗೆ ಎಷ್ಟು ಒಳ್ಳೆಯ ಸಿಎಂಎಸ್ ಇದ್ದರೂ ಬಾಗಿಲೇ ಬೇರೆಯವರದ್ದಾದರೆ ಏನು ಮಾಡುವುದು? ಡೊಮೇನು, ಹೋಸ್ಟಿಂಗು, ಅಡ್ಮಿನ್ ಲಾಗಿನ್ನು ಮೂರೂ ಸಂಸ್ಥೆಯ ಇಮೇಲಿನಲ್ಲಿ ಇರಬೇಕು. ಪಾಸ್‌ವರ್ಡ್ ಇಬ್ಬರಿಗಾದರೂ ಗೊತ್ತಿರಬೇಕು. ಹಣ ಕೊಡುವ ಮೊದಲೇ ಇದನ್ನು ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಎಲ್ಲರಿಗೂ ಸಿಎಂಎಸ್ ಬೇಕು ಅಂತ ನಾನು ಹೇಳುವುದಿಲ್ಲ. ಯಾಣದ ದಾರಿಯಲ್ಲಿ ಎರಡು ಕೋಣೆಯ ಹೋಂಸ್ಟೇ ಇದೆ, ಫೋನ್ ನಂಬರು, ದಾರಿ, ನಾಲ್ಕು ಫೋಟೋ ಸಾಕು ಅನ್ನುವವರಿಗೆ ಒಂದು ಸಾದಾ ಪುಟ ಸಾಕು. ಅದಕ್ಕೆ ಅಪ್‌ಡೇಟ್, ಬ್ಯಾಕಪ್ ಅಂತ ತಲೆನೋವು ಯಾಕೆ? ವಾರವಾರ ಬದಲಾಗುವ ವಿಷಯ ಇದೆಯಾ, ಒಬ್ಬರಿಗಿಂತ ಜಾಸ್ತಿ ಜನ ಬರೆಯುತ್ತಾರಾ, ಹಳೆಯದು ಮುಂದೆ ಹುಡುಕಿದರೆ ಸಿಗಬೇಕಾ, ಇದರಲ್ಲಿ ಒಂದಕ್ಕಾದರೂ ಹೌದು ಅಂದರೆ ಮಾತ್ರ ಬೇಕು. ಅಡಕೆ ಸೊಸೈಟಿಯವರು ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅಂತ ದಿನದ ದರ ಹಾಕಬೇಕಿದ್ದರೆ ಬೇಕೇ ಬೇಕು. ಅಲ್ಲೂ ಅಷ್ಟೆ, ವ್ಯಾಪಾರದ ಅಂಗಳದಲ್ಲಿ ದರ ಬರೆದುಕೊಳ್ಳುವವರ ಕೈಗೇ ಫಾರಂ ಕೊಡಬೇಕು, ಆಗಲೇ ಅವತ್ತಿನ ದರ ಅವತ್ತು ಕಾಣುವುದು.

ನಮ್ಮ ಮೇಳದಲ್ಲಿ ಈಗ ಹಳೆಯ ಕರಪತ್ರಗಳನ್ನು ಒಂದೊಂದಾಗಿ ಸೇರಿಸುವ ಕೆಲಸ ನಡೆದಿದೆ. ಹಿರಿಯರ ಪೆಟ್ಟಿಗೆಗಳಲ್ಲಿ, ಪಂಚಾಂಗದ ನಡುವೆ ಮಡಿಸಿಟ್ಟವು ಸಿಗುತ್ತಿವೆ. ಪ್ರತಿಯೊಂದೂ ಒಂದು ‘ಆಟ’ ಆಗಿ ಫಾರಂನಲ್ಲಿ ಸೇರುತ್ತದೆ, ಹಾಗಾಗಿ ಈಗಿಲ್ಲದ ಕಲಾವಿದರ ಹೆಸರು ಒತ್ತಿದರೂ ಅವರ ಆಟಗಳ ಪಟ್ಟಿ ಬರತೊಡಗಿದೆ. ಹೊನ್ನಾವರ, ಕುಮಟಾ, ಸಿದ್ದಾಪುರ ಕಡೆಯ ಬೇರೆ ಮೇಳದವರು ಇಂಥದ್ದು ಮಾಡುವ ಯೋಚನೆಯಲ್ಲಿದ್ದರೆ ಮೊದಲು ಥೀಮ್ ನೋಡಲು ಹೋಗಬೇಡಿ. ಒಂದು ಹಾಳೆ ತಗೊಂಡು, ಒಂದು ಆಟಕ್ಕೆ ಯಾವ ಯಾವ ವಿವರ ಬೇಕು ಅಂತ ಡೈರಿ ಇಟ್ಟುಕೊಳ್ಳುವವರ ಹತ್ತಿರ ಬರೆಸಿ. ವೇಷಭೂಷಣ ಯಾರದ್ದು, ಪ್ರಸಾಧನ ಯಾರದ್ದು ಅನ್ನುವ ಖಾನೆಗಳನ್ನೂ ಸೇರಿಸಿ, ಕರಪತ್ರಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಅವರ ಹೆಸರುಗಳೇ. ಆ ಹಾಳೆ ಹಿಡಿದುಕೊಂಡು ಆಮೇಲೆ ವೆಬ್‌ಸೈಟು ಮಾಡುವವರ ಹತ್ತಿರ ಹೋಗಿ.